ಉಪ್ಪು ಹಾಕಿದ ಪಾಯಸ

ಚೆನ್ನೈಯ ಅಣ್ಣಾ ನಗರದ ಒಂದು ಸಸ್ಯಾಹಾರಿ ಹೋಟೆಲಿನವರಲ್ಲಿ ಮೂವತ್ತೆಂಟು ವರ್ಷ ಅಡಿಗೆಯ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ಬಡಿಸುವ ಮೊದಲು ಒಂದೇ ಒಂದು ಸಲವೂ ಸಾಂಬಾರಿನ ರುಚಿ ನೋಡಲಿಲ್ಲ. ಇದನ್ನು ಹೇಳಿದರೆ ಈಗ ಕೇಟರಿಂಗ್ ಕಾಲೇಜು ಮುಗಿಸಿ ಬರುವವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅವರ ಜೇಬಿನಲ್ಲಿ ರುಚಿ ನೋಡುವುದಕ್ಕೆಂದೇ ಎರಡು ಚಮಚ ಇರುತ್ತವೆ. ಪೆನ್ನು ಮರೆತರೂ ಚಮಚ ಮರೆಯುವುದಿಲ್ಲ.

ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸಪ್ಲೈಯರ್ ಆದೆ, ಯಾವಾಗ ಮಾಸ್ಟರ್ ಆದೆ ಎಂಬುದೆಲ್ಲ ಬೇಡ, ಅದು ಎಲ್ಲ ಹೋಟೆಲಿನಲ್ಲೂ ಒಂದೇ ಥರ. ನನ್ನ ಕಥೆಯಲ್ಲಿ ಸ್ವಲ್ಪ ಬೇರೆಯಾದದ್ದು ಇಷ್ಟೇ: ದಿನಾ ಬೆಳಿಗ್ಗೆ ದೇವರಿಗೆ ನೈವೇದ್ಯ ಇಡುವ ಕೆಲಸ ಮಾಡುತ್ತ ಮಾಡುತ್ತಲೇ ದೇವರನ್ನು ಕಳೆದುಕೊಂಡೆ, ಅರವತ್ತು ಹತ್ತಿರವಾದಾಗ ಕ್ರಿಸ್ತನನ್ನು ನಂಬಿದೆ. ಕೋಟದ ಕಡೆಯ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವನಿಗೆ ಇದು ಹೇಗಾಯಿತು ಎಂದು ಬಹಳ ಜನ ಕೇಳಿದ್ದಾರೆ. ಹೆಚ್ಚಿನವರು ಉತ್ತರಕ್ಕೆ ಕಾಯುವುದಿಲ್ಲ. ಕಾಯುವವರಿಗೆ ಹೇಳುತ್ತೇನೆ, ಇದರಲ್ಲಿ ಉಪ್ಪಿನ ಕೈವಾಡ ಬಹಳ ಇದೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಸೇರಿದಾಗ ಅಡಿಗೆಮನೆಯ ಒಡೆಯರು ನರಸಿಂಹ ಭಟ್ಟರು. ಹೋಟೆಲಿನ ಯಜಮಾನರು ಶ್ರೀಧರ ಐತಾಳರು, ಆದರೆ ಅವರ ಆಳ್ವಿಕೆ ಕ್ಯಾಶ್ ಕೌಂಟರಿಗೆ ಮುಗಿಯುತ್ತಿತ್ತು. ಒಳಗೆ ಭಟ್ಟರದೇ ಕಾನೂನು. ಮೊದಲ ಕಾನೂನು, ದೇವರಿಗೆ ಇಡುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಒಲೆಯ ಎದುರಿನ ಗೋಡೆಯಲ್ಲಿ ಕೃಷ್ಣನ ಪಟ ಇತ್ತು. ಪ್ರತಿಯೊಂದು ಪದಾರ್ಥದ ಒಂದು ಸೌಟು ಅಲ್ಲಿಗೆ ಹೋಗಬೇಕು, ಪರದೆ ಎಳೆಯಬೇಕು, ಮಂತ್ರ ಹೇಳಬೇಕು, ಆಮೇಲೆ ಗಿರಾಕಿ. ಹಾಗಾದರೆ ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಕುದಿಯುವ ಸಾಂಬಾರಿಗೆ ಉಪ್ಪು ಬೀಳುವ ಮೊದಲು ಹಸಿ ವಾಸನೆ ಬೇರೆ, ಬಿದ್ದ ಮೇಲೆ ಬರುವ ವಾಸನೆ ಬೇರೆ. ಮೊದಲ ವರ್ಷ ನನಗೆ ಎರಡೂ ಒಂದೇ ಥರ ಕಂಡವು. ಭಟ್ಟರು ನನ್ನ ತಲೆಯನ್ನು ಕೊಪ್ಪರಿಗೆಯ ಹಬೆಗೆ ಹಿಡಿದು, "ಈಗ ಗೊತ್ತಾಯ್ತಾ ಮಾಣಿ?" ಎಂದು ಕೇಳುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ ಗೊತ್ತಾಯಿತು ಎನ್ನುತ್ತಿದ್ದೆ.

ಎರಡನೇ ವರ್ಷ ನಿಜವಾಗಿಯೂ ಗೊತ್ತಾಯಿತು. ಅಂಗಳದಲ್ಲಿ ನಿಂತು ಒಳಗಿನ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳುವಷ್ಟು ಮೂಗು ಬಲಿಯಿತು. ಮೂಗಿನ ಜೊತೆಗೆ ಅಹಂಕಾರವೂ ಬಲಿಯಿತು. ಅಂಥ ಹೊತ್ತಿನಲ್ಲೇ ಬಂದದ್ದು ರಾಮನವಮಿ.

ಆ ವಾರ ನಮ್ಮ ಅಡಿಗೆಮನೆಗೆ ಮೊದಲ ಸಲ ಪುಡಿ ಉಪ್ಪು ಬಂದಿತ್ತು. ಅದುವರೆಗೆ ಕಲ್ಲುಪ್ಪು, ಕತ್ತಲಲ್ಲಿ ಮುಟ್ಟಿದರೂ ತಿಳಿಯುವಂಥದ್ದು. ಹೊಸ ಉಪ್ಪನ್ನು ಯಾರೋ ಸಕ್ಕರೆಯ ಡಬ್ಬದಂಥದೇ ಡಬ್ಬದಲ್ಲಿ ತುಂಬಿ ಪಕ್ಕದಲ್ಲಿಟ್ಟಿದ್ದರು. ಅಂದು ನೈವೇದ್ಯದ ಶ್ಯಾವಿಗೆ ಪಾಯಸ ಮಾಡುವ ಭಾಗ್ಯ ನನಗೆ ಮೊದಲ ಬಾರಿ ಸಿಕ್ಕಿತ್ತು. ಗಿರಾಕಿಗಳ ಕೊಪ್ಪರಿಗೆ ಭಟ್ಟರದು, ದೇವರ ಚಿಕ್ಕ ತಪ್ಪಲೆ ನನ್ನದು. ಏಲಕ್ಕಿಯ ಪರಿಮಳದಲ್ಲಿ ನನ್ನ ಪ್ರಸಿದ್ಧ ಮೂಗು ಮೋಸ ಹೋಯಿತು. ದೇವರ ಮುಂದಿಟ್ಟೆ, ಪರದೆ ಎಳೆದೆ, ಕಣ್ಣು ಮುಚ್ಚಿ ನಿಂತೆ. ಆಮೇಲೆ ವಾಡಿಕೆಯಂತೆ ಐತಾಳರು ಬಂದು ತಪ್ಪಲೆಯನ್ನು ಎತ್ತಿಕೊಂಡು ಮಹಡಿಗೆ ಹೋದರು. ದೇವರ ಪ್ರಸಾದ ಅವರಿಗೂ ಅವರ ತಾಯಿಗೂ ಮೊದಲು.

ಸೌಟಿನಲ್ಲಿ ಅಂಟಿದ್ದನ್ನು ನಾನು ನೆಕ್ಕಿದ್ದು ಆಮೇಲೆ. ಸಮುದ್ರದ ನೀರು ಅದಕ್ಕಿಂತ ಸಿಹಿ ಇದ್ದೀತು.

ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತ ಕೂತೆ. ಅರ್ಧ ಗಂಟೆಯ ಮೇಲೆ ತಪ್ಪಲೆ ಖಾಲಿಯಾಗಿ, ತೊಳೆದು, ಕೆಳಗೆ ಬಂತು. ಐತಾಳರೂ ಬಂದರು. ಎಂದಿನಂತೆ ಕೌಂಟರಿನಲ್ಲಿ ಕೂತರು, ಎಂದಿನಂತೆ ನಕ್ಕರು, ನನ್ನ ಕಡೆ ನೋಡಿ ತಲೆಯನ್ನೂ ಆಡಿಸಿದರು. ಒಂದು ಮಾತೂ ಇಲ್ಲ.

ಆಗ ನನಗೆ ಹೊಳೆದದ್ದು ಇದು: ಇವರು ಪ್ರಸಾದ ತಿನ್ನುವುದೇ ಇಲ್ಲ. ಮೇಲೆ ಹೋಗಿ ಮೋರಿಗೆ ಸುರಿಯುತ್ತಾರೆ. ತಿಂದಿದ್ದರೆ ನಾನು ಇಷ್ಟು ಹೊತ್ತಿಗೆ ಬಸ್ಸಿನಲ್ಲಿರಬೇಕಿತ್ತು. ದೇವರು ಮುಖ ಸಿಂಡರಿಸಲಿಲ್ಲ, ಯಜಮಾನರು ಮುಟ್ಟಲಿಲ್ಲ. ಹಾಗಾದರೆ ಮೂಗನ್ನು ಹಬೆಯಲ್ಲಿ ಬೇಯಿಸಿಕೊಂಡು ನಾನು ರುಚಿ ನೋಡದೆ ಮೀಸಲು ಉಳಿಸುತ್ತಿರುವುದು ಯಾರಿಗಾಗಿ? ಪರದೆಯ ಹಿಂದೆ ಯಾರೂ ಇಲ್ಲ ಎಂದು ಆ ದಿನ ತೀರ್ಮಾನಿಸಿದೆ. ಕೆಲಸ ಮಾತ್ರ ಬಿಡಲಿಲ್ಲ. ನಂಬಿಕೆ ಇಲ್ಲದೆಯೂ ಪರದೆ ಎಳೆಯಬಹುದು ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಭಟ್ಟರು ಹೋದ ಮೇಲೆ ನಾನೇ ಸರಕ್ಕು ಮಾಸ್ಟರ್ ಆದೆ. ತಮಿಳುನಾಡಿನ ಹೋಟೆಲುಗಳಲ್ಲಿ ಸಾಂಬಾರು, ಪಲ್ಯ, ಕೂಟುಗಳ ಮುಖ್ಯ ಅಡಿಗೆಯವನಿಗೆ ಹಾಗೆ ಹೆಸರು. ಕೈಕೆಳಗೆ ಹತ್ತು ಜನ, ಬಾಯಲ್ಲಿ ಮಂತ್ರ, ಮನಸ್ಸಿನಲ್ಲಿ ಏನೂ ಇಲ್ಲ. ಹಾಗೆ ಇರುವುದು ಸುಲಭ ಎಂದುಕೊಂಡರೆ ತಪ್ಪು. ಮೊದಲ ಐದು ವರ್ಷ ಸುಲಭ, ಆಮೇಲೆ ಹಸಿವಿನಂತೆ ಏನೋ ಕೊರೆಯತೊಡಗುತ್ತದೆ.

ಹುಡುಕಿದೆ. ದೋಸೆ ಮಾಸ್ಟರ್ ಸೆಲ್ವಂ ಪಕ್ಕಾ ನಾಸ್ತಿಕ. "ಸಾಮಿಯಾವದು, ಬೂತಮಾವದು", ದೇವರಂತೆ, ಭೂತವಂತೆ ಎಂದು ಹಂಗಿಸುತ್ತ ದೋಸೆ ತಿರುವಿ ಹಾಕುತ್ತಿದ್ದ. ಅವನ ಜೊತೆ ನಾಸ್ತಿಕರ ಎರಡು ಸಭೆಗಳಿಗೆ ಹೋದೆ. ಆದರೆ ಅದೇ ಸೆಲ್ವಂ ಬೆಳಗಿನ ಮೊದಲ ದೋಸೆಯನ್ನು ತೀರಿಹೋದ ತಾಯಿಯ ಹೆಸರಿನಲ್ಲಿ ಕಾಗೆಗೆ ಹಾಕುತ್ತಿದ್ದ. ಕೇಳಿದರೆ, ಕಾಗೆಗೆ ಹಸಿವಾಗುವುದಿಲ್ಲವೇ ಎನ್ನುತ್ತಿದ್ದ. ಬೆಸೆಂಟ್ ನಗರದಲ್ಲಿ ಒಂದು ಧ್ಯಾನದ ತರಗತಿಗೆ ಸೇರಿದೆ. ಬರುವ ಉಸಿರನ್ನು ಗಮನಿಸಿ, ಹೋಗುವ ಉಸಿರನ್ನು ಗಮನಿಸಿ ಎಂದರು. ನನ್ನ ಮೂಗಿಗೆ ಬರುವ ಉಸಿರಿನಲ್ಲಿ ಪಕ್ಕದವರು ತಿಂದು ಬಂದ ಈರುಳ್ಳಿ ವಡೆ ಇತ್ತು, ಎಣ್ಣೆ ಹಳೆಯದು. ಆರು ವಾರ ವಡೆಯನ್ನೇ ಧ್ಯಾನಿಸಿ ಬಿಟ್ಟೆ. ಜಾತಕ ನೋಡುವವರೊಬ್ಬರು ನನಗೆ ನೀರಿನಿಂದ ಗಂಡಾಂತರವಿದೆ ಎಂದರು. ಬರುವುದು ಗಂಡಾಂತರವಲ್ಲ, ಕ್ರೈಸ್ತರಾಗುವವರನ್ನು ನೀರಿನಲ್ಲಿ ಮುಳುಗಿಸುವ ದೀಕ್ಷಾಸ್ನಾನ ಎಂದು ಅವರಿಗೆ ಕಾಣಲಿಲ್ಲ, ಪಾಪ.

ಹೀಗೆ ಮೂವತ್ತು ವರ್ಷ ಕಳೆಯಿತು. ಆಮೇಲೆ ಕೊರೊನಾ ಬಂತು.

ಹೋಟೆಲಿನಲ್ಲಿ ಬರೀ ಪಾರ್ಸೆಲ್, ಕೆಲಸಕ್ಕೆ ನಾಲ್ಕೇ ಜನ. ನನಗೂ ಜ್ವರ ಬಂತು, ಹೋಯಿತು. ಹೋಗುವಾಗ ಮೂಗನ್ನು ಕರೆದುಕೊಂಡು ಹೋಯಿತು. ಮೊದಲ ದಿನ ಒಲೆಯ ಮುಂದೆ ನಿಂತಾಗ ಕೊಪ್ಪರಿಗೆಯಿಂದ ಬಿಸಿ ಬರುತ್ತಿತ್ತು, ವಾಸನೆ ಇರಲಿಲ್ಲ. ಇಂಗು ಸುಟ್ಟರೂ ಇಲ್ಲ, ಕಾಫಿ ಬೀಜ ಹುರಿದರೂ ಇಲ್ಲ. ಅಂದಾಜಿನಲ್ಲಿ ಉಪ್ಪು ಹಾಕಿದೆ. ಮಧ್ಯಾಹ್ನದೊಳಗೆ ಮೊಬೈಲಿನಲ್ಲಿ ಗಿರಾಕಿಗಳು ನಮಗೆ ಒಂದೊಂದೇ ನಕ್ಷತ್ರ ಕೊಟ್ಟಿದ್ದರು. ಒಬ್ಬರು, ಮಾಸ್ಟರ್ ಬದಲಾಗಿದ್ದಾರಾ ಎಂದು ಬರೆದಿದ್ದರು. ಅದನ್ನು ಓದಿ ನಾನು ಅಕ್ಕಿ ಮೂಟೆಯ ಹಿಂದೆ ಕೂತು ಅತ್ತೆ. ಐವತ್ತೈದು ದಾಟಿದ ಗಂಡಸು ಸಾಂಬಾರಿಗಾಗಿ ಅಳುವುದನ್ನು ನೀವು ನೋಡಿರಲಿಕ್ಕಿಲ್ಲ.

ರುಚಿ ನೋಡಿಬಿಡಬಹುದಿತ್ತಲ್ಲ ಎಂದು ಚಮಚದವರಾದ ನೀವು ಕೇಳುತ್ತೀರಿ. ನಂಬಿಕೆ ಹೋಗಿ ಮೂವತ್ತು ವರ್ಷವಾಗಿತ್ತು, ಆದರೆ ಕೈ ಏಳಲಿಲ್ಲ. ದೇವರನ್ನು ಬಿಡುವುದಕ್ಕಿಂತ ಅಭ್ಯಾಸ ಬಿಡುವುದು ಕಷ್ಟ.

ಮರುದಿನ ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಹಿಂಬಾಗಿಲ ಕಡೆಯಿಂದ ಮಾತು ಬಂತು. "ಮಾಸ್ಟರ್, ಉಪ್ಪು ಪತ್ತಲೆ. ಇನ್ನೊಂದು ಹಿಡಿ ಬೇಕು."

ಆರೋಕ್ಯಮೇರಿ. ಇಪ್ಪತ್ತು ವರ್ಷದಿಂದ ಆ ಬಾಗಿಲ ಹೊರಗೆ ಮಣೆಯ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ ಹೆಂಗಸು. ಪೋರೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ನಮ್ಮ ಕನ್ನಡವನ್ನು ತಮಿಳಿನಲ್ಲಿ ಅದ್ದಿ ಮಾತಾಡುತ್ತಿದ್ದಳು. ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ, ಅದು ಭಟ್ಟರ ಎರಡನೇ ಕಾನೂನು. ಅದನ್ನು ನಾನೂ ಕಾಪಾಡಿಕೊಂಡು ಬಂದಿದ್ದೆ. ದೇವರಿಲ್ಲ ಎಂದು ತೀರ್ಮಾನಿಸಿದವನಿಗೆ ದೇವರ ಮಡಿಯ ಮೇಲೆ ಮಾತ್ರ ಯಾವ ಸಂಶಯವೂ ಬಂದಿರಲಿಲ್ಲ.

"ನಿಂಗೆ ಹೇಗೆ ಗೊತ್ತು?" ಎಂದೆ.

"ಇರುವತು ವರುಷಂ ಈ ಬಾಗಿಲಲ್ಲೇ ಕೂತಿದೀನಿ. ನಿಮ್ಮ ಸಾಂಬಾರ್ ವಾಸನೆ ನನಗೆ ತೆರಿಯಾದಾ?"

ಒಂದು ಹಿಡಿ ಹಾಕಿದೆ. ಅಂದು ಯಾರೂ ದೂರಲಿಲ್ಲ.

ಅಂದಿನಿಂದ ನಾನು ಅಡಿಗೆ ಮಾಡಿದ್ದು ಅವಳ ಮಾತಿನ ಮೇಲೆ. ಇನ್ನೂ ಹಸಿ, ಈಗ ಸರಿ, ಸಾಕು ಮಾಸ್ಟರ್ ಇಳಿಸಿ. ಸರಿಯೋ ತಪ್ಪೋ ತಿಳಿಯುವ ಸಾಧನ ನನ್ನ ಬಳಿ ಇರಲಿಲ್ಲ. ಮೊದಲ ವಾರ ಅನುಮಾನಪಟ್ಟೆ, ಬೇಕೆಂದೇ ಎರಡು ಸಲ ಉಪ್ಪು ಹಾಕದೆಯೇ ಸಾಕಾ ಎಂದು ಕೇಳಿ ಪರೀಕ್ಷಿಸಿದೆ. ಎರಡು ಸಲವೂ ಅವಳು ಹೆಚ್ಚುತ್ತಿದ್ದ ಬೀನ್ಸಿನಿಂದ ತಲೆ ಎತ್ತದೆ ಸರಿಯಾಗಿ ಹೇಳಿದಳು. ಆಮೇಲೆ ಪರೀಕ್ಷಿಸಲು ನಾಚಿಕೆಯಾಯಿತು.

ಒಂದು ದಿನ ಕೇಳಿದೆ. "ಮೇರಿ, ನೀನು ಇಷ್ಟು ವರ್ಷದಿಂದ ಚರ್ಚಿಗೆ ಹೋಗ್ತೀಯಲ್ಲ, ಅಲ್ಲಿ ಯಾರೋ ಇದ್ದಾರೆ ಅಂತ ನಿಂಗೆ ಹೇಗೆ ಖಾತ್ರಿ?"

ಅವಳು ದೊಡ್ಡ ಉಪದೇಶ ಮಾಡಿಯಾಳು ಎಂದುಕೊಂಡೆ. "ತೆರಿಯಾದು ಮಾಸ್ಟರ್, ಗೊತ್ತಿಲ್ಲ," ಎಂದಳು. "ಕಷ್ಟ ಬಂದಾಗೆಲ್ಲ ಕೂಗಿದ್ದೀನಿ, ಕೈ ಬಿಟ್ಟಿಲ್ಲ. ನೀವು ನನ್ನ ಮಾತು ಕೇಳಿ ಉಪ್ಪು ಹಾಕೋದಿಲ್ವಾ? ಅಪ್ಪಡಿತ್ತಾನ್, ಇದೂ ಹಾಗೇ."

ನನ್ನ ಅಡಿಗೆಯನ್ನು ಉಳಿಸಿದವಳನ್ನು ನಾನು ಇಪ್ಪತ್ತು ವರ್ಷ ಬಾಗಿಲ ಹೊರಗೆ ಕೂರಿಸಿದ್ದೆ ಎಂಬುದು ಆಗ ನನಗೆ ನಾಟಿತು. ಒಳಗೆ ಬಾ ಎಂದೆ. ಅವಳು ಬರಲಿಲ್ಲ. ಐತಾಳ್ ಸಾರ್ ಬೈತಾರೆ ಎಂದಳು. ಮೂರನೇ ದಿನ ಕರೆದಾಗ ಬಂದಳು, ಸೆರಗಿನಲ್ಲಿ ಕಾಲು ಒರೆಸಿಕೊಂಡು ಬಂದಳು. ಅದನ್ನು ನೋಡುವುದು ನನಗೆ ಕಷ್ಟವಾಯಿತು. ಅದೇ ಹೊತ್ತಿಗೆ ಐತಾಳರು ಕೌಂಟರಿನಿಂದ ಒಳಗೆ ಇಣುಕಿದರು. ಒಲೆಯ ಪಕ್ಕ ನಿಂತ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸುತ್ತ ಹೊರಗೆ ಹೋದರು. ಕನ್ನಡಕದ ದೋಷ ಇರಬೇಕು ಎಂದುಕೊಂಡೆ.

ಪೋರೂರಿನ ಅವಳ ಪುಟ್ಟ ಚರ್ಚಿಗೆ ನಾನು ಹೋದದ್ದು ಅವಳು ಕರೆದದ್ದಕ್ಕಲ್ಲ. ಅವಳು ಕರೆಯಲೇ ಇಲ್ಲ. ಭಾನುವಾರ ಹೋಟೆಲಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ, ನನ್ನ ರಜೆ ಶುಕ್ರವಾರ. ಶುಕ್ರವಾರದ ಪ್ರಾರ್ಥನೆಗೆ ಹಿಂದಿನ ಬೆಂಚಿನಲ್ಲಿ ಕೂತು ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ತಕರಾರು ಬರೆದುಕೊಳ್ಳುತ್ತಿದ್ದೆ. ಹಾಡು ಉದ್ದ, ಮೈಕು ಜೋರು. ಬೆಳಕು ಬಂದು ಬಡಿದು ನಾನು ನೆಲಕ್ಕೆ ಬೀಳಲಿಲ್ಲ. ಒಂದು ವರ್ಷ ಬರೀ ತಕರಾರೇ ಆಯಿತು.

ಒಂದು ಶುಕ್ರವಾರ ಪಾಸ್ಟರ್ ಒಂದು ಪ್ರಸಂಗ ಹೇಳಿದರು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಅವನ ಆಪ್ತ ಶಿಷ್ಯನೇ, ಇವನು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ್ದ. ಯೇಸು ಸತ್ತು ಎದ್ದ ಮೇಲೆ ಒಂದು ಬೆಳಿಗ್ಗೆ ಅದೇ ಶಿಷ್ಯ ಮೀನು ಹಿಡಿದು ದಡಕ್ಕೆ ಬರುತ್ತಾನೆ. ನೋಡಿದರೆ ದಡದಲ್ಲಿ ಯೇಸು ಕೆಂಡ ಮಾಡಿ, ರೊಟ್ಟಿ ಇಟ್ಟು, ಮೀನು ಸುಡುತ್ತ ಕೂತಿದ್ದಾನೆ. ಬನ್ನಿ, ತಿಂಡಿ ತಿನ್ನಿ ಎನ್ನುತ್ತಾನೆ. ಮಾಡಿದ ತಪ್ಪಿನ ಮಾತು ತಿಂಡಿ ಮುಗಿದ ಮೇಲೆ.

ನಾನು ಅಡಿಗೆಯವ. ಜೀವಮಾನವಿಡೀ ದೇವರಿಗೆ ಬಡಿಸಿದವ. ದೇವರು ಒಲೆಯ ಮುಂದೆ ಕೂತು ಹೊಗೆ ಕುಡಿದು ಅಡಿಗೆ ಮಾಡಿ ಬಡಿಸುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದೂ ತನ್ನನ್ನು ಗೊತ್ತಿಲ್ಲ ಎಂದವನಿಗೆ. ಬೈಯುವ ಮೊದಲು ಬಡಿಸಿದ್ದಾನೆ. ಹಿಂದಿನ ಬೆಂಚಿನಲ್ಲಿ ನನ್ನ ತಕರಾರಿನ ಪಟ್ಟಿ ಎಲ್ಲೋ ಬಿದ್ದುಹೋಯಿತು. ಅದು ಮೀನು ಎಂಬುದೊಂದೇ ತೊಂದರೆ. ಅದನ್ನು ಇವತ್ತಿಗೂ ನಾನು ಗಟ್ಟಿಯಾಗಿ ಯೋಚಿಸುವುದಿಲ್ಲ.

ಹೆಂಡತಿ ಲಲಿತಳಿಗೆ ಹೇಳಿದೆ. "ಅಲ್ಲಿ ಮೀನ್ ತಿನ್ಕಾ?" ಎಂದು ಕೇಳಿದಳು. ಬೇಡ ಎಂದೆ. "ಹಾಂಗಾರೆ ಹೋಯ್ ಬನ್ನಿ. ನಾನ್ ಬತ್ತಿಲ್ಲೆ. ನನ್ನ ದೇವ್ರನ್ನ ನೀವ್ ಮುಟ್ಟೂದ್ ಬೇಡ, ನಿಮ್ಮವ್ರನ್ನ ನಾನ್ ಮುಟ್ಟುದಿಲ್ಲ." ಆ ಒಪ್ಪಂದ ಇಂದಿಗೂ ನಡೆಯುತ್ತಿದೆ.

ಕಷ್ಟವಾದದ್ದು ಐತಾಳರಿಗೆ ಹೇಳುವುದು. ನಂಬಿಕೆ ಇಲ್ಲದಾಗ ಮೂವತ್ತು ವರ್ಷ ಪರದೆ ಎಳೆದವನಿಗೆ, ನಂಬಿಕೆ ಬಂದ ಮೇಲೆ ಒಂದು ದಿನವೂ ಎಳೆಯಲು ಆಗಲಿಲ್ಲ. ಇದು ತಮಾಷೆಯೇ, ಆದರೆ ಅಂದು ನಗು ಬರಲಿಲ್ಲ. ಮುಂದೆ ನಿಂತು ನನ್ನ ಮದುವೆ ಮಾಡಿಸಿದವರು ಅವರು, ನನಗೆ ಜ್ವರ ಬಂದಾಗ ಆಸ್ಪತ್ರೆಯ ಬಾಗಿಲಲ್ಲಿ ಕೂತವರು ಅವರು. ಒಲೆ ಹೋದರೆ ಇನ್ನೊಂದು ಒಲೆ ಸಿಗುತ್ತದೆ. ಅವರ ಮುಖ ತಿರುಗಿದರೆ ಇನ್ನೊಬ್ಬ ಐತಾಳರು ಎಲ್ಲಿ ಸಿಗುತ್ತಾರೆ?

ಹೇಳಿದೆ. "ಇನ್ನು ಮುಂದೆ ನೈವೇದ್ಯ ಇಡುವುದು ನನ್ನಿಂದ ಆಗುವುದಿಲ್ಲ. ಸುಳ್ಳು ಇಟ್ಟ ಹಾಗಾಗುತ್ತದೆ."

ಅವರು ನನ್ನನ್ನು ನೋಡಲಿಲ್ಲ. "ಬೇರೆಯವ್ರ್ ಇಡ್ತ್ರ್. ನೀನ್ ಹೋಗ್ ಈಗ," ಎಂದರು. ಆಮೇಲೆ ಎರಡು ತಿಂಗಳು ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರನೇ ತಿಂಗಳು ನನ್ನನ್ನು ಪೋರೂರಿನ ಹೊಸ ಅಡಿಗೆಮನೆಗೆ ಕಳಿಸಿದರು. ಐಟಿ ಕಚೇರಿಗಳಿಗೆ ಊಟ ಹೋಗುವ ಜಾಗ. ಅಲ್ಲಿ ದೇವರ ಪಟ ಕಚೇರಿಯ ಕೋಣೆಯಲ್ಲಿತ್ತು, ಒಲೆಯ ಮುಂದೆ ಇರಲಿಲ್ಲ. ಪ್ರತಿ ಪದಾರ್ಥಕ್ಕೂ ಅಳತೆಯ ಚೀಟಿ, ಶಾಖ ನೋಡುವ ಕಡ್ಡಿ, ಮೂರು ಜನ ರುಚಿ ನೋಡಿ ಸಹಿ ಹಾಕಬೇಕೆಂಬ ನಿಯಮ. ನನ್ನನ್ನು ಗುಣಮಟ್ಟದ ಮೇಲ್ವಿಚಾರಕ ಮಾಡಿದರು. ಮೂಗಿಲ್ಲದವ, ರುಚಿ ನೋಡದವ, ಗುಣಮಟ್ಟ ನೋಡಬೇಕು! ಇದಕ್ಕೆ ಬಡ್ತಿ ಎಂದು ಹೆಸರಿಟ್ಟರು. ನಾನು ಎರಡು ವರ್ಷ ಚಮಚದವರ ಮುಖ ನೋಡಿ ಸಹಿ ಹಾಕಿದೆ. ಅವರು ಒಳ್ಳೆಯವರು, ಒಂದು ಸಲವೂ ನನ್ನನ್ನು ಸಿಕ್ಕಿಸಿಹಾಕಲಿಲ್ಲ.

ನಿವೃತ್ತಿಯಾದ ಮರು ತಿಂಗಳು ದೀಕ್ಷಾಸ್ನಾನ. ಐತಾಳರಿಗೆ ಫೋನಿನಲ್ಲಿ ಹೇಳಿದೆ. "ಸರಿ" ಎಂದು ಫೋನ್ ಇಟ್ಟರು.

ಅಂದಿನ ಊಟಕ್ಕೆ ನಾನೇ ಅಡಿಗೆ ಮಾಡಿದೆ, ಶ್ಯಾವಿಗೆ ಪಾಯಸವನ್ನೂ ಮಾಡಿದೆ. ಸಕ್ಕರೆ ತಂದುಕೊಟ್ಟವಳು ಮೇರಿ. ನೀರಿನಲ್ಲಿ ಮುಳುಗಿ ಎದ್ದು, ಬಟ್ಟೆ ಬದಲಿಸಿ ಹೊರಗೆ ಬಂದರೆ ಚರ್ಚಿನ ಗೇಟಿನ ಆಚೆ ಐತಾಳರ ಕಾರು ನಿಂತಿತ್ತು. ಒಳಗೆ ಬರಲಿಲ್ಲ, ಗಾಜು ಮಾತ್ರ ಇಳಿಸಿದ್ದರು. ಎಂಬತ್ತು ದಾಟಿದ ಮುಖ. ನಾನು ಒಂದು ಲೋಟ ಪಾಯಸ ಹಿಡಿದು ಓಡಿದೆ.

ಲೋಟ ತೆಗೆದುಕೊಂಡರು. "ರುಚಿ ಕಂಡಿದ್ಯಾ?"

"ಇಲ್ಲ."

"ಈಗ್ಲೂ ಇಲ್ಯಾ? ಈಗ ಯಾರ ಹೆದ್ರಿಕೆ ನಿಂಗೆ?"

"ಅಭ್ಯಾಸ," ಎಂದೆ.

ಅವರು ಲೋಟವನ್ನೇ ನೋಡುತ್ತ ಕೂತರು. "ಒಂದ್ ರಾಮನವಮಿಗೆ ನೀನ್ ಪಾಯಸಕ್ಕೆ ಉಪ್ಪ್ ಹಾಕಿದ್ದಿ. ನೆನಪಿತ್ತಾ?"

"ನಿಮಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಎಂತ! ನಾನೂ ಅಮ್ಮನೂ ಪೂರಾ ಕುಡ್ದಾಯ್ತ್. ಮೊದ್ಲ್ ನಂಗೆ ಬಾಯಿಗ್ ಇಡುಕೆ ಆಯ್ಲಿಲ್ಲ. ಅಮ್ಮ ಹೇಳ್ರ್, ಚೆಲ್ಲೂಕಾಗ, ಅದ್ ದೇವ್ರ ಪ್ರಸಾದ. ಆ ಮಾಣಿ ಹತ್ರ ಎಂತದೂ ಹೇಳ್ಬೇಡ, ಹೆದ್ರಿ ಊರಿಗ್ ಓಡಿ ಹೋತ, ಅಂದ್ರ್."

ಮೂವತ್ತು ವರ್ಷದ ನನ್ನ ನಾಸ್ತಿಕತೆ ನಿಂತಿದ್ದು ಆ ಖಾಲಿ ತಪ್ಪಲೆಯ ಮೇಲೆ. ಮೋರಿಗೆ ಸುರಿದಿದ್ದಾರೆ ಎಂದು ನಾನು ತಿಳಿದದ್ದನ್ನು ಇವರೂ ಇವರ ಮುದಿ ತಾಯಿಯೂ ಗುಟುಕು ಗುಟುಕಾಗಿ ಕುಡಿದು ನನಗಾಗಿ ಬಾಯಿ ಮುಚ್ಚಿಕೊಂಡಿದ್ದರು. ಇದನ್ನು ಅವರಿಗೆ ಹೇಳಿದೆ, ಅಳುತ್ತಲೇ ಹೇಳಿದೆ.

ಅವರು ಲೋಟವನ್ನು ಇನ್ನೊಂದು ಕೈಗೆ ಬದಲಿಸಿದರು. "ಅಂದೇ ನಿಂಗ್ ಬೈದಿದ್ರೆ ನೀನ್ ಇಲ್ಲಿಗ್ ಬತ್ತಿರ್ಲಿಲ್ಯಾ?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿಲ್ಲ. ಆದರೆ ಬೈಯುವ ಮೊದಲು ಬಡಿಸುವವನ ಕಥೆ ಕೇಳಿ ನನ್ನ ತಕರಾರಿನ ಪಟ್ಟಿ ಬಿದ್ದುಹೋದದ್ದೇಕೆ ಎಂಬುದು ಆಗ ಗೊತ್ತಾಯಿತು. ಅಂಥವರ ಕೈಕೆಳಗೆ ನಾನು ಮೂವತ್ತೆಂಟು ವರ್ಷ ಕೆಲಸ ಮಾಡಿದ್ದೆ.

ಐತಾಳರು ಕಣ್ಣು ಮುಚ್ಚಿ ಲೋಟ ಎತ್ತಿದರು. ನಡುವೆ ನಿಲ್ಲಿಸದೆ ತಳದವರೆಗೆ ಕುಡಿದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಲಾಯ್ಕಿತ್ತ್," ಎಂದು ಖಾಲಿ ಲೋಟವನ್ನು ನನ್ನ ಕೈಗಿಟ್ಟು, ಡ್ರೈವರಿಗೆ ಹೊರಡು ಎಂದರು.

ಒಳಗೆ ಬಂದೆ. ಜನ ಇನ್ನೂ ಎಲೆಯ ಮುಂದೆ ಕೂತಿರಲಿಲ್ಲ. ಸೌಟಿನಲ್ಲಿ ಒಂದಿಷ್ಟು ಪಾಯಸ ಅಂಟಿಕೊಂಡಿತ್ತು. ಸಿಹಿಯೋ ಉಪ್ಪೋ ಎಂದು ನೆಕ್ಕಿ ನೋಡಬಹುದಿತ್ತು. ಸೌಟನ್ನು ಮೇರಿಯ ಕೈಗೆ ಕೊಟ್ಟು, "ಬಡಿಸು" ಎಂದೆ.